ಸ್ವಾಗತ ಸಮಿತಿಯವರಿಗೊಂದು ಸಣ್ಣ ಕೆಲಸ

ಕುವೈತಿನ ಸಮಸ್ತ ಕನ್ನಡ, ತುಳು, ಕೊಂಕಣಿ, ಬ್ಯಾರಿ ಸಂಘ-ಕೂಟಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು, ಗೌರವ ಸಲಹೆಗಾರರು, ನಿಕಟಪೂರ್ವ ಅಧ್ಯಕ್ಷರು ಹಾಗೂ ಅವರಿಗೂ ನಿಕಟಪೂರ್ವರಾದವರಿಗೆ,

ನಾನು ಸಾಲ್ಮಿಯಾದ ಒಬ್ಬ ಸಾಮಾನ್ಯ ಸದಸ್ಯ. ವಾರ್ಷಿಕ ಚಂದಾ ಕಟ್ಟಿದ್ದೇನೆ, ರಸೀದಿಯೂ ಇದೆ. ಹಾಗಾಗಿ ಎರಡು ಮಾತು ಆಡಬಹುದು ಅಂದುಕೊಂಡಿದ್ದೇನೆ.

ಮೊದಲು ಅಭಿನಂದನೆ. ಈ ಮರಳುಗಾಡಿನಲ್ಲಿ ನೂರಾರು ಜನರನ್ನು ಸಾಲಾಗಿ ಕೂರಿಸಿ ಬಾಳೆ ಎಲೆಗೆ ಬಿಸಿ ಹೋಳಿಗೆ ಬಡಿಸುವುದು ಸಾಮಾನ್ಯ ಮಾತಲ್ಲ. ಬೆಂಗಳೂರಿನ ಅತಿಥಿಯ ವಿಮಾನ ನಡುರಾತ್ರಿ ಇಳಿದರೂ ನಾಲ್ಕು ಕಾರು, ಒಂದು ಹಾರ, ಇಬ್ಬರು ಫೋಟೊಗ್ರಾಫರು ತಯಾರು. ಅವರು ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದಿಲ್ಲ ಎಂಬ ಸುದ್ದಿ ಮೂರು ಉಪಸಮಿತಿಗಳಿಗೆ ಮೊದಲೇ ತಲುಪಿರುತ್ತದೆ. ಇಷ್ಟು ಗಟ್ಟಿ ಸಂಘಟನೆ ಇರುವ ಕಡೆ ನಮ್ಮವರು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆಂದರೆ ತಪ್ಪು ಅವರದೇ ಇರಬೇಕು. ನಿಯಮ ಗೊತ್ತಿಲ್ಲ, ಪಾಪ.

ಆದ್ದರಿಂದ ಸಂಕಷ್ಟಕ್ಕೆ ಒಳಗಾಗುವವರಿಗೆ, ಅದರಲ್ಲೂ ಮನೆಗೆಲಸದ ಹೆಂಗಸರಿಗೆ, ಒಂದು ಮಾರ್ಗಸೂಚಿ ಹೊರಡಿಸಿಬಿಡಿ. ಏಟು ತಿನ್ನುವುದಿದ್ದರೆ ಶುಕ್ರವಾರ ಬೇಡ, ಅಂದು ಕಾರ್ಯಕ್ರಮ. ನವೆಂಬರ್ ಪೂರ್ತಿ ಬೇಡ, ರಾಜ್ಯೋತ್ಸವ. ರಂಜಾನಿನಲ್ಲಿ ಇಫ್ತಾರ್ ಕೂಟಗಳಿರುತ್ತವೆ. ಅದೇ ತಿಂಗಳು ಮನೆಗೆಲಸದವಳು ನಸುಕಿನ ಸಹರಿ ಊಟದ ತನಕ ಒಲೆ ಮುಂದೆ ನಿಂತಿರುತ್ತಾಳೆಂಬುದು ಬೇರೆ ಮಾತು. ಮನೆ ಬಿಟ್ಟು ಓಡಿ ಬರುವವಳು ಇಬ್ಬರು ಆಜೀವ ಸದಸ್ಯರ ಶಿಫಾರಸು, ಬತಾಕದ (ಸಿವಿಲ್ ಐಡಿಯ) ನಕಲು, ಪಾಸ್‌ಪೋರ್ಟ್ ಅಳತೆಯ ಎರಡು ಫೋಟೊ ತರತಕ್ಕದ್ದು. ಪಾಸ್‌ಪೋರ್ಟ್ ಕಫೀಲನ, ಅಂದರೆ ಮಾಲೀಕನ, ಬೀರುವಿನಲ್ಲಿದ್ದರೆ ಅಳತೆಯನ್ನು ಅಂದಾಜಿನಲ್ಲಿ ಬರೆದರೂ ನಡೆಯುತ್ತದೆ.

ಮುಖ್ಯವಾಗಿ, ಊರು ಮತ್ತು ಜಾತಿ ಸ್ಪಷ್ಟವಾಗಿರಲಿ. ಇಲ್ಲವಾದರೆ ಅವಳ ಕಡತ ಯಾವ ಸಂಘದ ಮೇಜಿಗೆ ಹೋಗಬೇಕು? ಕರಾವಳಿಯವಳಾದರೆ ಆಯ್ಕೆಗೆ ಬರವಿಲ್ಲ, ಒಬ್ಬೊಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವಷ್ಟಿದ್ದೇವೆ. ಆಂಧ್ರ ಗಡಿಯ ಚಿಂತಾಮಣಿ ಕಡೆಯವಳಾದರೆ ಇನ್ನೂ ಸುಲಭ: ತೆಲುಗು ಸಂಘವನ್ನು ಕೇಳಮ್ಮ ಎಂದರಾಯಿತು.

ಕಾನೂನಿಲ್ಲ ಎಂದು ಮಾತ್ರ ಹೇಳಬೇಡಿ. ಮನೆಗೆಲಸದವರಿಗಾಗಿಯೇ ಕುವೈತಿನಲ್ಲಿ 2015ರ 68ನೇ ಕಾನೂನಿದೆ. ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಾರಕ್ಕೊಂದು ರಜೆ, ವರ್ಷಕ್ಕೆ 30 ದಿನದ ಸಂಬಳ ಸಹಿತ ರಜೆ, ಕೆಲಸ ಬಿಡುವಾಗ ವರ್ಷಕ್ಕೊಂದು ತಿಂಗಳ ಸಂಬಳ, ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. 2016ರಲ್ಲಿ ಕನಿಷ್ಠ ವೇತನ 60 ದಿನಾರ್ ಎಂದೂ ನಿಗದಿಯಾಯಿತು. 2021ರ ಜೂನ್‌ನಲ್ಲಿ ಇದೇ ಕುರಿತು ಭಾರತ-ಕುವೈತ್ ಒಡಂಬಡಿಕೆಯೂ ಆಯಿತು. ಎಲ್ಲವೂ ಕಾಗದದಲ್ಲಿ ಲಕ್ಷಣವಾಗಿದೆ. ಆದರೆ ದೂರು ಕೊಡಬೇಕಾದವಳು ಹೊರಗಿನಿಂದ ಬೀಗ ಹಾಕಿದ ಮನೆಯಲ್ಲಿದ್ದಾಳೆ, ಅವಳ ಫೋನು ಮಾಮಾಳ, ಅಂದರೆ ಮನೆಯೊಡತಿಯ, ಕೈಯಲ್ಲಿದೆ. ಹೇಗೋ ಹೊರಬಿದ್ದರೆ ಮರುದಿನವೇ ‘ಓಡಿಹೋದಳು’ ಎಂಬ ದೂರು ದಾಖಲಾಗಿ, ನೊಂದವಳೇ ಅಪರಾಧಿಯಾಗುತ್ತಾಳೆ.

ನಿಮ್ಮ ಕೈಯಲ್ಲಿ ಆಗದು ಎಂದೂ ಅಲ್ಲ. 2019ರಲ್ಲಿ ಏಜೆಂಟರ ಮಾತು ನಂಬಿ ಬಂದ ಮಂಗಳೂರಿನ ಮೂವತ್ತಕ್ಕೂ ಹೆಚ್ಚು ಹುಡುಗರು ಹೇಳಿದ ಕೆಲಸವಿಲ್ಲದೆ, ಸಂಬಳವಿಲ್ಲದೆ ಇಲ್ಲಿ ಸಿಕ್ಕಿಬಿದ್ದಿದ್ದರು. ವಿಡಿಯೊ ಮಾಡಿ ಊರಿಗೆ ಕಳಿಸಿದರು, ಅದು ಹರಿದಾಡಿತು. ಇಲ್ಲಿದ್ದ ಮಂಗಳೂರಿಗರು ಊಟ ಕೊಟ್ಟರು, ರಾಯಭಾರ ಕಚೇರಿಗೆ ಅಲೆದರು, ತಂಡ ತಂಡವಾಗಿ ಊರಿಗೆ ಕಳಿಸಿದರು. ಇಲ್ಲಿ ವ್ಯಂಗ್ಯವಿಲ್ಲ, ಅವರಿಗೆ ನಿಜವಾಗಿಯೂ ಕೈಮುಗಿಯುತ್ತೇನೆ. ಆದರೆ ಒಂದು ಗಮನಿಸಿದಿರಾ? ಆ ಹುಡುಗರ ಕೈಯಲ್ಲಿ ಫೋನಿತ್ತು. ನಮ್ಮ ಕರುಣೆ ಎಚ್ಚರವಾಗುವುದು ವಿಡಿಯೊ ಬಂದ ಮೇಲೆ. ವಿಡಿಯೊ ಮಾಡಲಾಗದವರ ಪಾಲಿಗೆ ಉಳಿಯುವುದು ನಮ್ಮ ಮೌನಾಚರಣೆ.

ಅದರಲ್ಲಂತೂ ನಾವು ಪಳಗಿದವರು. 2024ರ ಜೂನ್ 12ರ ನಸುಕಿನಲ್ಲಿ ಮಂಗಾಫಿನಲ್ಲಿ ಕಾರ್ಮಿಕರು ವಾಸಿಸುತ್ತಿದ್ದ ಕಟ್ಟಡ ಹೊತ್ತಿ 50 ಕಾರ್ಮಿಕರು ತೀರಿಕೊಂಡರು. ನಮ್ಮ 45 ಮಂದಿಯ ಶವಗಳು ವಾಯುಪಡೆಯ ವಿಮಾನದಲ್ಲಿ ಕೊಚ್ಚಿಗೆ ಹೋದವು, ಕರ್ನಾಟಕದವರೂ ಒಬ್ಬರಿದ್ದರು. ಹೆಚ್ಚಿನವರನ್ನು ಕೊಂದದ್ದು ಹೊಗೆ. ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು, ನಾನೂ ಒಂದು ಹಾಕಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರಿಗೂ ಒಂದು ಶಾಲು ಹೊದಿಸುವ ಪದ್ಧತಿ ಇದ್ದರೆ ಈ ಸಲ ನಮಗೇ ಸಲ್ಲಬೇಕು.

ಈಗ ಅಧಿಕಪ್ರಸಂಗಕ್ಕೆ ಬರುತ್ತೇನೆ. ಬೀಗದ ಆಚೆ ಇರುವವಳನ್ನು ಯಾರೂ ಕಾಣುವುದೇ ಇಲ್ಲ ಎಂಬುದು ಸುಳ್ಳು. ಕಸ ಹಾಕಲು ಇಳಿದಾಗ ಹಾರಿಸ್, ಅಂದರೆ ಕಟ್ಟಡದ ಕಾವಲುಗಾರ, ಅವಳನ್ನು ಕಾಣುತ್ತಾನೆ. ಜಮೀಯಾ ಅಂಗಡಿಯಲ್ಲಿ ಮಾಮಾಳ ಹಿಂದೆ ತಳ್ಳುಗಾಡಿ ನೂಕುವಾಗ ಕ್ಯಾಷಿಯರ್ ಕಾಣುತ್ತಾನೆ. ಕ್ಲಿನಿಕ್ಕಿಗೆ ಬಂದರೆ, ಮೊಣಕೈಯ ಸುಟ್ಟ ಗಾಯ ಹೇಗಾಯಿತೆಂದು ನರ್ಸ್ ಕೇಳಿದ್ದಕ್ಕೆ ‘ಇಸ್ತ್ರಿ ಪೆಟ್ಟಿಗೆ ತಾಗಿತು’ ಎಂದು ಮಾಮಾಳೇ ಉತ್ತರಿಸುತ್ತಾಳೆ. ಇವಳು ನೆಲ ನೋಡುತ್ತಾಳೆ. ಆ ನರ್ಸ್ ಉಡುಪಿಯವಳೋ ಶಿರ್ವದವಳೋ ಆಗಿರುತ್ತಾಳೆ, ನಮ್ಮ ಸಂಘದ ಸದಸ್ಯೆಯೇ ಇದ್ದರೂ ಆಶ್ಚರ್ಯವಿಲ್ಲ. ಮುಂದೇನು ಮಾಡಬೇಕೆಂದು ಅವಳಿಗೆ ಹೇಳಿಕೊಟ್ಟವರಿಲ್ಲ. ಜಾನಪದ ನೃತ್ಯದ ಹೆಜ್ಜೆ ಕಲಿಸಲು ಊರಿಂದ ಗುರುಗಳನ್ನು ಕರೆಸುವ ನಾವು ಇದಕ್ಕೊಂದು ಗಂಟೆ ಮೀಸಲಿಟ್ಟಿಲ್ಲ.

ಓಡಿ ಬಂದವಳನ್ನು ಫ್ಲ್ಯಾಟಿನಲ್ಲಿ ಬಚ್ಚಿಡಿ ಎನ್ನುತ್ತಿಲ್ಲ. ಅದು ಇಲ್ಲಿನ ಕಾನೂನಿಗೆ ವಿರುದ್ಧ, ಅವಳಿಗೂ ಅಪಾಯ. ಅನುಮತಿಯಿಲ್ಲದೆ ಚಂದಾ ಎತ್ತಿ ಎಂದೂ ಅಲ್ಲ, ಅದೂ ನಿಷಿದ್ಧ. ಪ್ರಾಣಾಪಾಯವಿದ್ದರೆ 112ಕ್ಕೆ ಕರೆ. ಇಲ್ಲವಾದರೆ ತಡಮಾಡದೆ ರಾಯಭಾರ ಕಚೇರಿಗೆ, ಅಲ್ಲಿಂದ ಕಾರ್ಮಿಕ ಪ್ರಾಧಿಕಾರಕ್ಕೆ. ಟಿಕೆಟ್ಟಿಗೆ ಗತಿಯಿಲ್ಲದವರಿಗೆ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಜೊತೆಗೆ ಹೋಗಲು ಅರಬ್ಬಿ ಬಲ್ಲ ಒಬ್ಬರು, ಕನ್ನಡ ಬಲ್ಲ ಒಬ್ಬ ಹೆಂಗಸು ಬೇಕು. ಅಷ್ಟೇ.

ಮುಂದಿನ ಶುಕ್ರವಾರದ ಕಾರ್ಯಕ್ರಮದಲ್ಲಿ ವಂದನಾರ್ಪಣೆಯನ್ನು ಹತ್ತು ನಿಮಿಷ ಮೊಟಕು ಮಾಡಿ. ರಾತ್ರಿ ಎರಡಕ್ಕೂ ಫೋನ್ ಎತ್ತುವ ಇಬ್ಬರು ಹೆಂಗಸರ ಹೆಸರು ವೇದಿಕೆಯಲ್ಲೇ ಹೇಳಿ. ಆ ನಂಬರನ್ನು ಅಬ್ಬಾಸಿಯಾ, ಫರ್ವಾನಿಯಾ, ಸಾಲ್ಮಿಯಾ, ಮಂಗಾಫಿನ ಹಾರಿಸರಿಗೆ, ನರ್ಸ್‌ಗಳಿಗೆ, ಬಕಾಲಾ ಅಂಗಡಿಯವರಿಗೆ ತಲುಪಿಸಿ. ಯಾವ ಸಂಘದ ಲಾಂಛನ ಮೇಲೆ ಬರಬೇಕೆಂಬ ಜಗಳವಿದ್ದರೆ ಲಾಂಛನವೇ ಬೇಡ, ನಂಬರ್ ಸಾಕು.

ಇತಿ, ಚಂದಾ ಬಾಕಿಯಿಲ್ಲದ ಸದಸ್ಯ, ಸಾಲ್ಮಿಯಾ.