ಭಾವಯ್ಯನ ಬಿಸಿಲು ಖಾತೆ

ಸಾಗರದ ಕಡೆಯ ನಮ್ಮೂರಿನಲ್ಲಿ ರಾತ್ರಿ ಒಂಬತ್ತರ ಮೇಲೆ ತೋಟದ ದಾರಿಯಲ್ಲಿ ಟಾರ್ಚ್ ಬೆಳಕೊಂದು ಅಲ್ಲಾಡುತ್ತ ಇಳಿದರೆ ಅದು ಅಡಿಕೆ ಕಳ್ಳರದ್ದಲ್ಲ, ಹಂದಿ ಕಾಯುವವರದ್ದೂ ಅಲ್ಲ. ಭಾವಯ್ಯ ಶೆಡ್ಡಿನ ಸೋಲಾರ್ ನೋಡಲು ಹೊರಟಿದ್ದಾರೆ ಎಂದು ಅರ್ಥ. ಶೆಡ್ಡಿನಲ್ಲಿ ದೀಪ ಇದೆ, ಒಂಬತ್ತು ವ್ಯಾಟಿನ ಒಳ್ಳೆಯ ಎಲ್‌ಇಡಿ. ಆದರೆ ದೀಪ ಹಾಕಿಕೊಂಡು ಬ್ಯಾಟರಿ ನೋಡಿದರೆ ಬ್ಯಾಟರಿ ಇಳಿಯುತ್ತದಲ್ಲ, ಅದಕ್ಕೇ ಟಾರ್ಚ್.

ನನಗೆ ದೂರದ ನೆಂಟಸ್ತಿಕೆಯಲ್ಲಿ ಭಾವ, ಊರಿಗೆಲ್ಲ ಭಾವಯ್ಯ. ಈ ಮಾದರಿಯವರು ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಬೇರೆಯವರ ದುಡ್ಡು ಎಣಿಸಿ, ಮ್ಯಾನೇಜರಾಗಿ ನಿವೃತ್ತರಾಗಿ, ತೋಟಕ್ಕೆ ಬಂದು, ಎಣಿಸಲು ಏನೂ ಸಿಗದೆ ಆರು ತಿಂಗಳು ಕಂಗಾಲಾಗುವವರು. ಆಮೇಲೆ ಕೆಲವರು ಮಳೆ ಅಳೆಯಲು ಶುರುಮಾಡುತ್ತಾರೆ. ಕೆಲವರು ಇವತ್ತು ಎಷ್ಟು ಹೆಜ್ಜೆ ನಡೆದೆ ಎಂದು ಊಟದ ಪಂಕ್ತಿಯಲ್ಲಿ ವರದಿ ಒಪ್ಪಿಸುತ್ತಾರೆ. ಭಾವಯ್ಯನಿಗೆ ಬಿಸಿಲು ಸಿಕ್ಕಿತು.

ಶೆಡ್ಡು ಎಂದರೆ ದೊಡ್ಡದೇನಲ್ಲ. ತಗಡಿನ ಮಾಡು, ಒಳಗೆ ಔಷಧಿ ಹೊಡೆಯುವ ಪಂಪು, ದೋಟಿ, ಮೈಲುತುತ್ತದ ಚೀಲ, ಹಳೇ ಹಗ್ಗ, ಒಂದು ಕಾಲದಲ್ಲಿ ಕುರ್ಚಿಯಾಗಿದ್ದ ಏನೋ ಒಂದು. ಮನೆಯಿಂದ ಇನ್ನೂರು ಅಡಿ. ಒಂದು ವೈರು ಎಳೆದಿದ್ದರೆ ಮುಗಿಯುತ್ತಿತ್ತು. ಅದೂ 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಆ ಮನೆಯ ಬಿಲ್ಲೇ ಸೊನ್ನೆ.

“ಸೊನ್ನೆಯಲ್ಲಿ ಉಳಿತಾಯ ಮಾಡೋದು ಹ್ಯಾಂಗೆ ಭಾವಯ್ಯ?” ಅಂದೆ.

“ಅದು ಸರ್ಕಾರದ್ದು ಮಾರಾಯ. ಇದು ಸ್ವಂತ ಬಂಡವಾಳ.”

ಮನೆಯ ಮಾಡಿಗೇ ಹಾಕಿಸಿದರೆ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ, ಅದನ್ನಾದರೂ ಮಾಡಿ ಎಂದು ಬೆಂಗಳೂರಿನಿಂದ ಮಗ ಫೋನಿನಲ್ಲಿ ಗೋಗರೆದ. ಭಾವಯ್ಯ ಕಾಗದಪತ್ರ ತರಿಸಿ ಓದಿದರು. ಹೆಚ್ಚಾದ ಕರೆಂಟು ಲೈನಿಗೆ ಹೋಗುತ್ತದೆ. ಬ್ಯಾಟರಿ ಇಲ್ಲದಿದ್ದರೆ ಲೈನು ಸತ್ತಾಗ ಮಾಡಿನ ಮೇಲಿನದ್ದೂ ಬಂದ್. “ಠೇವಣಿ ನಮ್ಮದು, ಬೀಗದ ಕೈ ಅವರದ್ದು” ಎಂದು ಫೈಲು ಮುಚ್ಚಿದರು.

ಕೊನೆಗೆ ಬಂದದ್ದು 165 ವ್ಯಾಟಿನ ಒಂದು ಪ್ಯಾನೆಲ್, 150 ಆಂಪಿಯರ್-ಅವರಿನ ಒಂದು ಟ್ಯೂಬುಲರ್ ಬ್ಯಾಟರಿ, ಒಂದು ಚಾರ್ಜ್ ಕಂಟ್ರೋಲರ್, ಒಂದು ಪುಟ್ಟ ಇನ್ವರ್ಟರ್. ಎಲ್ಲ ಸೇರಿ ಮೂವತ್ತು ಸಾವಿರ ಎಂದು ಹೆಂಡತಿಗೆ, ಅಂದರೆ ನಮ್ಮ ಅಕ್ಕನಿಗೆ, ಹೇಳಿದ್ದಾರೆ. ನನಗೆ ಹೇಳಿದ ಮೊತ್ತವನ್ನು ನಾನು ಅಕ್ಕನಿಗೆ ಹೇಳಿಲ್ಲ.

ಪ್ಯಾನೆಲ್ಲು ದಕ್ಷಿಣಕ್ಕೆ ಮುಖ ಮಾಡಿರಬೇಕು, ಊರಿನ ಅಕ್ಷಾಂಶದಷ್ಟು ಓರೆಯಾಗಿರಬೇಕು. ನಮ್ಮದು ಹದಿನಾಲ್ಕು ಡಿಗ್ರಿ. ಕೂರಿಸಲು ಬಂದ ಹುಡುಗ ಕಣ್ಣಂದಾಜಿನಲ್ಲಿ ಬೋಲ್ಟು ಬಿಗಿಯಲು ಹೊರಟಿದ್ದ. ಭಾವಯ್ಯ ತಡೆದು, ಮೊಮ್ಮಗಳ ಕಂಪಾಸು ಪೆಟ್ಟಿಗೆಯ ಕೋನಮಾಪಕ ತಂದು, ದಾರದ ತುದಿಗೆ ಒಂದು ಚಾಲಿ ಅಡಿಕೆ ಕಟ್ಟಿ ಇಳಿಬಿಟ್ಟರು. ಗಾಳಿಗೆ ಅಡಿಕೆ ತೂಗಿತು. ಅದು ನಿಲ್ಲುವವರೆಗೆ ಹುಡುಗ ಏಣಿಯ ಮೇಲೆ, ಬಾಯಲ್ಲಿ ಎರಡು ಬೋಲ್ಟು ಕಚ್ಚಿಕೊಂಡು. ದಿಕ್ಕಿಗೆ ಫೋನಿನ ದಿಕ್ಸೂಚಿ. ತಗಡಿನ ಮೇಲೆ ಹಿಡಿದಾಗ ಅದು ಅಕ್ಕನ ಬಚ್ಚಲುಮನೆಯನ್ನು ದಕ್ಷಿಣ ಎಂದಿತು, ಅಂಗಳಕ್ಕಿಳಿದರೆ ಕೊಟ್ಟಿಗೆಯನ್ನು. ಇಷ್ಟು ವರ್ಷ ದಕ್ಷಿಣಕ್ಕೆ ತಲೆ ಹಾಕಿ ಮಲಗಿದ ಅಕ್ಕ ಕೈ ತೋರಿಸಿದ ಮೇಲೆ ವಿಷಯ ಇತ್ಯರ್ಥವಾಯಿತು.

ಹನ್ನೊಂದು ಗಂಟೆಗೆ ಒಂದು ಅಡಿಕೆ ಮರದ ನೆರಳು ಬಂದು ಪ್ಯಾನೆಲ್ಲಿನ ಮೂಲೆಗೆ ಕೈ ಇಟ್ಟಿತು. ಆ ನೀಲಿ ಬಿಲ್ಲೆಗಳೆಲ್ಲ ಸರದಿಯಲ್ಲಿ ಜೋಡಿಸಿದವು. ಒಂದಕ್ಕೆ ನೆರಳು ಬಿದ್ದರೆ ಅದರ ಸಾಲೇ ಸೊರಗುತ್ತದೆ. “ಕೌಂಟರಿನಲ್ಲಿ ಒಬ್ಬ ಚೀಟಿ ಹುಡುಕ್ತಾ ನಿಂತ್ರೆ ಹಿಂದಿನವರ ಗತಿಯೇನು, ಹಾಂಗೆ” ಎಂದು ಭಾವಯ್ಯ ವಿವರಿಸಿದರು. ಪರಿಹಾರ ಒಂದೇ: ಮರ. “ಅದನ್ನ ನಮ್ಮ ಮಾವಯ್ಯ ನೆಟ್ಟಿದ್ದು. ವರ್ಷಕ್ಕೆ ಮೂರು ಕೊನೆ ಕೊಡ್ತು. ನಿಮ್ಮ ಪ್ಯಾನೆಲ್ಲು ಎಷ್ಟು ಕೊನೆ ಬಿಡ್ತು?” ಎಂದು ಅಕ್ಕ ಕೇಳಿದರು. ಮಾರನೆಯ ದಿನ ಪ್ಯಾನೆಲ್ಲು ಮಾಡಿನ ಇನ್ನೊಂದು ತುದಿಗೆ ಹೋಯಿತು.

ಜೂನಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಕಾಲ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕೊನೆಗೌಡ ಮರದ ತುದಿಯಲ್ಲಿ ಕೂತು ಹೊಡೆದ ತುಂತುರು ಕೊನೆಗೂ ಬಿತ್ತು, ಗಾಳಿಗೆ ಸಿಕ್ಕಿ ಪ್ಯಾನೆಲ್ಲಿಗೂ ಬಿತ್ತು. ಮಧ್ಯಾಹ್ನ ನಾನು ಹೋದಾಗ ಗಾಜಿನ ಮೇಲೆಲ್ಲ ತಿಳಿನೀಲಿ ಪದರ; ಭಾವಯ್ಯ ಏಣಿಯ ಮೇಲೆ ನಿಂತು ಹಳೇ ಪಂಚೆಯ ತುಂಡಿನಿಂದ, ಮಗುವಿನ ಮುಖ ಒರೆಸುವ ಹಾಗೆ, ಒರೆಸುತ್ತಿದ್ದರು. “ಇನ್ನು ಇದಕ್ಕಂತೂ ಕೊಳೆ ಬರದಿಲ್ಲ ಬಿಡಿ” ಎಂದು ಕೊನೆಗೌಡ ಮೇಲಿಂದಲೇ ಸಮಾಧಾನ ಹೇಳಿದ.

ಈ ಬಿಸಿಲಿನ ಲೆಕ್ಕಕ್ಕೆ ಒಂದು ಲೆಡ್ಜರು. ಅದೂ ನಿಜವಾದದ್ದು, ಕೆಂಪು ಬೆನ್ನಿನ, ಉದ್ದನೆಯ ಬ್ಯಾಂಕ್ ಪುಸ್ತಕ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಬ್ಯಾಟರಿಯಲ್ಲಿ ಹಿಡಿಯುವುದು ಹನ್ನೆರಡು ವೋಲ್ಟ್ ಗುಣಿಲೆ ನೂರೈವತ್ತು, 1,800 ವ್ಯಾಟ್-ಅವರ್. ಅಂದರೆ ಎರಡು ಯೂನಿಟ್ಟಿಗೂ ಸ್ವಲ್ಪ ಕಡಿಮೆ. ಅದರಲ್ಲಿ ಅರ್ಧ ಮುಟ್ಟುವ ಹಾಗಿಲ್ಲ, ಬ್ಯಾಟರಿಯ ಆಯುಷ್ಯ ಕಡಿಮೆಯಾಗುತ್ತದೆ. ಈ ಅರ್ಧಕ್ಕೆ ಭಾವಯ್ಯ ಇಟ್ಟ ಹೆಸರು ಮಿನಿಮಮ್ ಬ್ಯಾಲೆನ್ಸ್. ಮೀಟರು 12.2 ತೋರಿಸಿದರೆ ಕೌಂಟರು ಬಂದ್. ಒಮ್ಮೆ ಕರೆಂಟು ಹೋದಾಗ ಅಕ್ಕ ಚಟ್ನಿಗೆಂದು ಮಿಕ್ಸಿ ಹೊತ್ತು ಶೆಡ್ಡಿಗಿಳಿದರು. “500 ವ್ಯಾಟ್. ಇನ್ವರ್ಟರ್ ಮಿತಿ 300” ಎಂದು ಅರ್ಜಿ ತಿರಸ್ಕೃತವಾಯಿತು. ಅವತ್ತು ರಾತ್ರಿ ದೋಸೆಗೆ ಬೆಲ್ಲ.

ಜುಲೈಯಲ್ಲಿ ಪುಷ್ಯ ಮಳೆ ಕೂತಿತು. ಎಲ್ಲೋ ಮರ ಬಿದ್ದು ಕರೆಂಟು ಹೋಗಿ ಮೂರು ದಿನ. ಸೂರ್ಯನೂ ರಜೆ, 165ರ ಪ್ಯಾನೆಲ್ಲು ನಡು ಮಧ್ಯಾಹ್ನ 11 ವ್ಯಾಟ್ ಕೊಡುತ್ತಿತ್ತು. ಊರಿನ ಫೋನುಗಳೆಲ್ಲ ಸತ್ತವು. ಆಗ ನೋಡಬೇಕಿತ್ತು ಭಾವಯ್ಯನನ್ನು. ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಹತ್ತು ಗಂಟೆಗೆ ಸರಿಯಾಗಿ ಶೆಡ್ಡು ತೆರೆದರು. ಕಂಬಳಿಕೊಪ್ಪೆಯಲ್ಲಿ ಸಾಲು ನಿಂತವರ ಹೆಸರು, ಫೋನಿನ ಕಂಪನಿ, ಈಗ ಎಷ್ಟಿದೆ, ಎಷ್ಟು ಬೇಕು. “ನೂರಕ್ಕೆ ನೂರು ಯಾರಿಗೂ ಇಲ್ಲೆ. ನಲವತ್ತು ಮಂಜೂರು.” ಹುಡುಗನೊಬ್ಬ ವಿಡಿಯೋ ನೋಡುತ್ತ ಚಾರ್ಜಿಗೆ ಇಟ್ಟದ್ದು ಕಂಡು, ಸಾಲದ ದುರುಪಯೋಗ ಎಂದು ಪಿನ್ನು ಕಿತ್ತರು.

ಮೂರನೆಯ ದಿನ ಸಂಜೆ ಲೈನ್‌ಮನ್ ಬಂದ. ರೇನ್‌ಕೋಟಿನಿಂದ ನೀರು ಸುರಿಯುತ್ತಿತ್ತು. ಮರ ಕಡಿದು ಆಗಿದೆ, ತಂತಿ ಕಟ್ಟುವುದಷ್ಟೇ ಬಾಕಿ; ಸಬ್‌ಸ್ಟೇಷನ್ನಿಗೆ ಫೋನು ಮಾಡಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತಗೊಳ್ಳದೆ ಕಂಬ ಹತ್ತುವ ಹಾಗಿಲ್ಲ, ಫೋನು ಸತ್ತಿದೆ. ನನ್ನದನ್ನು ಕೊಡಲು ಹೋದೆ. ಸಬ್‌ಸ್ಟೇಷನ್ನಿನ ನಂಬರು ಅವನ ಫೋನಿನೊಳಗೇ ಇತ್ತು.

“ಒಂದೈದು ನಿಮಿಷ ಸಾರ್. ಹತ್ತು ಪರ್ಸೆಂಟ್ ಆದ್ರೆ ಸಾಕು.”

ಭಾವಯ್ಯ ಕನ್ನಡಕ ಮೇಲೆತ್ತಿ ಮೀಟರು ನೋಡಿದರು. 12.1.

“ಇವತ್ತಿನ ವಹಿವಾಟು ಮುಗ್ದೋಯ್ತಲ್ಲ” ಎಂದು ಲೆಡ್ಜರಿನ ಹೊಸ ಪುಟ ತಿರುವಿದರು. “ಹೆಸರು ಬರೆಸಿ ಹೋಗಿ. ನಾಳೆ ಬಿಸಿಲು ಬಂದ್ರೆ ನೋಡೋಣ.”

ಲೈನ್‌ಮನ್ ಒಮ್ಮೆ ಆಕಾಶ ನೋಡಿದ, ಒಮ್ಮೆ ನನ್ನನ್ನು ನೋಡಿದ. ಆಮೇಲೆ ಒಂದು ಕಾಲದಲ್ಲಿ ಕುರ್ಚಿಯಾಗಿದ್ದದ್ದರ ಮೇಲೆ ಮೆಲ್ಲಗೆ ಕೂತ.