ವಯೋಲಾಕ್ಕೂ ಒಂದು ಸಂಜೆ

ವಯೋಲಾ ಪಿಟೀಲಿಗಿಂತ ತುಸು ದೊಡ್ಡದು, ಶ್ರುತಿ ಒಂದು ಪಂಚಮದಷ್ಟು ಕೆಳಗೆ. ಆರ್ಕೆಸ್ಟ್ರಾದಲ್ಲಿ ಅದರದು ಕೂಡುಕುಟುಂಬದ ನಡುವಿನ ಮಗನ ಪಾಡು: ದುಡಿಮೆ ಪೂರಾ, ಹೆಸರೆಲ್ಲ ಪಿಟೀಲಣ್ಣನಿಗೆ. ಪಾಶ್ಚಾತ್ಯ ಸಂಗೀತಗಾರರಲ್ಲಿ ವಯೋಲಾದವರ ಮೇಲಿನ ಜೋಕುಗಳಿಗೆ ಲೆಕ್ಕವಿಲ್ಲ. ಹಾಗಾಗಿ ಎಳೆಯ ವಾದಕರು ಪಿಯಾನೋದವರನ್ನು ಜೊತೆಮಾಡಿಕೊಂಡು ತಮ್ಮದೇ ಕಛೇರಿ ನಡೆಸುತ್ತಾರೆ.

ಪಿಯಾನೋದ ಸದ್ದಿಗೆ ವಯೋಲಾದ ಮಂದ್ರ ತಂತಿ ಮುಳುಗೀತೆಂದು ಕೆಲವರು ಅದರ ಮುಚ್ಚಳವನ್ನು ಅರ್ಧವಷ್ಟೇ ಎತ್ತುವುದುಂಟು. ಪಕ್ಕದಲ್ಲಿ ಕೂತು ಪುಟ ತಿರುವುವವನಿಗೆ ಚಪ್ಪಾಳೆಯಲ್ಲಿ ಪಾಲಿಲ್ಲ. ಒಟ್ಟಿಗೆ ಎರಡು ಹಾಳೆ ತಿರುವಿದನೋ, ಕಛೇರಿಯೆಲ್ಲ ಅವನದೇ.

ತೊಡಕಿರುವುದು ಕೃತಿಗಳಲ್ಲಿ. 1824ರಲ್ಲಿ ಶೂಬರ್ಟ್ ಸೊನಾಟಾ ಬರೆದದ್ದು ಆರ್ಪೆಜಿಯೋನೆ ಎಂಬ ವಾದ್ಯಕ್ಕೆ. ವಾದ್ಯ ಮೂಲೆ ಸೇರಿತು, ಕೃತಿ ವಯೋಲಾಕ್ಕೂ ಚೆಲ್ಲೋಗೂ ದಕ್ಕಿತು. ಬ್ರಾಮ್ಸ್ 1894ರಲ್ಲಿ ಕ್ಲಾರಿನೆಟ್‌ಗೆಂದು ರಚಿಸಿದ ಎರಡು ಸೊನಾಟಾಗಳನ್ನು ಆಮೇಲೆ ತಾನೇ ವಯೋಲಾಕ್ಕೂ ಹೊಂದಿಸಿಕೊಟ್ಟ.

ಸ್ವಂತದ್ದೆನ್ನಲು ರೆಬೆಕಾ ಕ್ಲಾರ್ಕ್ ಅವರ 1919ರ ಸೊನಾಟಾ ಇದೆ. ಅವರೂ ವಯೋಲಾ ವಾದಕಿಯೇ. ಅಮೆರಿಕದ ಬರ್ಕ್‌ಷೈರ್ ಸ್ಪರ್ಧೆಯಲ್ಲಿ, ಹೆಸರು ಮುಚ್ಚಿಟ್ಟ ಕೃತಿಗಳ ನಡುವೆ ಅದೂ ಅರ್ನೆಸ್ಟ್ ಬ್ಲಾಕ್‌ನದೂ ಸಮಸಮ ಬಂದವು. ಸ್ಪರ್ಧೆಯ ಪೋಷಕಿ ಎಲಿಜಬೆತ್ ಕೂಲಿಜ್ ಮತ ಹಾಕಿದ್ದು ಬ್ಲಾಕ್ ಕೃತಿಗೆ. ‘ರೆಬೆಕಾ ಕ್ಲಾರ್ಕ್’ ಯಾರೋ ಗಂಡಸಿನ ಗುಪ್ತನಾಮವೆಂದು ಊಹಿಸಿದ ಬುದ್ಧಿವಂತರೂ ಇದ್ದರು. ಬಹುಮಾನ ತಪ್ಪಿದ ಆ ಸೊನಾಟಾ ಇಂದು ವಯೋಲಾ ಕಲಿಯುವ ಮಕ್ಕಳು ಬಿಡದೆ ಅಭ್ಯಾಸ ಮಾಡುವ ಕೃತಿ.