ಮೂರು ಬೈ ಮೂರರ ಸಂಸಾರ

ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲ. ಬೆಂಗಳೂರಿನಲ್ಲಿ ಇಷ್ಟು ಜಾಗಕ್ಕೆ ‘ಬ್ಯಾಚುಲರ್ ರೂಮ್’ ಅನ್ನುತ್ತಾರೆ, ಎಕ್ಸ್‌ಪೋದವರು ‘ಸ್ಟ್ಯಾಂಡರ್ಡ್ ಸ್ಟಾಲ್’ ಅನ್ನುತ್ತಾರೆ. ರೂಮಿಗಾದರೆ ಬಾಗಿಲಿರುತ್ತದೆ, ಬೇಜಾರಾದರೆ ಹಾಕಿಕೊಂಡು ಮಲಗಬಹುದು.

ನಮ್ಮದು ಹ್ಯಾಮ್ ರೇಡಿಯೋ ಹುಚ್ಚರ ಸಣ್ಣ ಗುಂಪು. ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಲೈಸೆನ್ಸ್ ಪಡೆದು, ಮನೆಯವರೆಲ್ಲ ಮಲಗಿದ ಮೇಲೆ ಮುಖ ನೋಡದ ಯಾವುದೋ ದೇಶದವನ ಹತ್ತಿರ ‘ಅಲ್ಲಿ ಮಳೆ ಹೇಗೆ’ ಎಂದು ಕೇಳುವವರು. ಇದಕ್ಕೆ ಮನೆಯಲ್ಲಿ ಬೇರೆ ಹೆಸರಿದೆ, ಅಚ್ಚು ಹಾಕಿಸುವಂಥದ್ದಲ್ಲ. ಇಂಥ ನಮಗೆ ದೊಡ್ಡ ತಂತ್ರಜ್ಞಾನ ಮೇಳವೊಂದು ಪುಕ್ಕಟೆ ಸ್ಟಾಲು ಕೊಟ್ಟಿತು. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು. ಹಿಂದೆಮುಂದೆ ನೋಡದೆ ಸಹಿ ಹಾಕಿದೆವು.

ಪುಕ್ಕಟೆ ಅಂದರೆ ನೆಲ ಪುಕ್ಕಟೆ. ಅದರ ಮೇಲೆ ಒಂದು ಮೇಜು, ಎರಡು ಕುರ್ಚಿ, ಒಂದು ಕಸದ ಬುಟ್ಟಿ, ಐದು ಆಂಪ್ಸ್‌ನ ಒಂದೇ ಒಂದು ಪ್ಲಗ್ಗು. ಮೂರನೇ ಕುರ್ಚಿಗೆ ಫಾರಂ ನಾಲ್ಕು. ಅದರ ಮೂರು ದಿನದ ಬಾಡಿಗೆಗೆ ನಮ್ಮ ಬೀದಿ ಅಂಗಡಿಯಲ್ಲಿ ಹೊಸದೇ ಬರುತ್ತದೆ, ಆದರೆ ಹೊರಗಿನ ಕುರ್ಚಿಗೆ ಒಳಗೆ ಪ್ರವೇಶವಿಲ್ಲ. ಎರಡನೇ ಪ್ಲಗ್ಗಿಗೆ ಫಾರಂ ಐದು. ಗೋಡೆಗೆ ಮೊಳೆ ಹೊಡೆಯುವುದಿಲ್ಲ ಎಂಬ ಮುಚ್ಚಳಿಕೆಗೆ ಫಾರಂ ಆರು. ಹೊಡೆಯೋಣವೆಂದರೆ ಅದು ಗೋಡೆಯೇ ಅಲ್ಲ, ಜೋರಾಗಿ ಸೀನಿದರೆ ಪಕ್ಕದವರ ಮೇಲೆ ವಾಲುವ ಬಿಳಿ ಹಲಗೆ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಅಜ್ಜಿ ಗೋಣಿಚೀಲ ಹಾಸಿ, ಸೇರು ಕೈಗೆತ್ತಿಕೊಂಡು, ಐದು ನಿಮಿಷಕ್ಕೆ ಬೋಣಿ ಮಾಡಿರುತ್ತಾಳೆ. ಆಕೆಗೆ ಯಾವ ಫಾರಮ್ಮೂ ಇಲ್ಲ, ಲಾಭ ಮಾತ್ರ ಇದೆ.

ಹಿಂದಿನ ದಿನ ಮಧ್ಯಾಹ್ನ ಎರಡಕ್ಕೆ ಜಾಗ ಸಿದ್ಧ ಅಂದಿದ್ದರು. ಹೋದರೆ ನಮ್ಮ ಸ್ಟಾಲಿನಲ್ಲಿ ಬಡಗಿಗಳು ಊಟಕ್ಕೆ ಕೂತಿದ್ದರು. ‘ಭವಿಷ್ಯ ಇಲ್ಲಿದೆ’ ಎಂದು ಬರೆದ ಫಲಕವನ್ನು ಅಡ್ಡ ಮಲಗಿಸಿ, ಅದರ ಮೇಲೆ ಅನ್ನ, ಸಾರು, ಒಂದು ಕಟ್ಟು ಹಪ್ಪಳ. ‘ಭವಿಷ್ಯ’ದ ‘ಷ್ಯ’ದ ಮೇಲೆ ಉಪ್ಪಿನಕಾಯಿ. ಸುತ್ತ ಪ್ಲೈವುಡ್ ಪುಡಿ, ಪೇಂಟಿನ ವಾಸನೆ, ಎಲ್ಲಿಂದಲೋ ಗರಗಸದ ಕಿರ್‍ರೋ. ನಮ್ಮ ಹಿರಿಯ ಹ್ಯಾಮ್ ರಾಯರು ಎದೆಗವಚಿಕೊಂಡಿದ್ದ ಬ್ಯಾಟರಿಯನ್ನು ಕೆಳಗಿಡಲು ಜಾಗವಿಲ್ಲದೆ ಮುಕ್ಕಾಲು ಗಂಟೆ ನಿಂತೇ ಇದ್ದರು. ಕಡೆಗೆ ಬಡಗಿಯೊಬ್ಬ, “ಕೂತ್ಕೊಳ್ಳಿ ಯಜಮಾನ್ರೇ, ಹಪ್ಪಳ ತಗೊಳ್ಳಿ” ಅಂದ. ಮೂರೂ ದಿನದಲ್ಲಿ ಆ ಮೇಳದಿಂದ ನಮಗೆ ನಿಜಕ್ಕೂ ಪುಕ್ಕಟೆ ಸಿಕ್ಕಿದ್ದು ಅದೊಂದೇ.

ಏಳು ಗಂಟೆಗೆ ನಾಮಫಲಕ ಬಂತು: ‘ಹ್ಯಾಪಿ ರೇಡಿಯೋಸ್’. ಹೆಸರು ತಿದ್ದಿಸಲು ಅವತ್ತು ಸಂಜೆ ಐದೇ ಕಡೇ ಗಡುವಾಗಿತ್ತಂತೆ. ಏಳಕ್ಕೆ ಬಂದ ತಪ್ಪನ್ನು ಐದಕ್ಕೆ ತಿದ್ದುವ ತಂತ್ರಜ್ಞಾನ ಮಾತ್ರ ಆ ಮೇಳದಲ್ಲಿರಲಿಲ್ಲ.

ಇನ್ನು ಆಂಟೆನಾ. ಹಾಲಿನ ಮಾಡು ಪೂರ್ತಿ ತಗಡು. ಅದರೊಳಗೆ ಕೂತು ಶಾರ್ಟ್‌ವೇವ್ ಹಿಡಿಯುವುದೆಂದರೆ ಕಂಬಳಿ ಮುಸುಕು ಹಾಕಿಕೊಂಡು ನಕ್ಷತ್ರ ಎಣಿಸಿದ ಹಾಗೆ. ಹೊರಗೆ ತಂತಿ ಕಟ್ಟಿ, ಹಿಂಬಾಗಿಲ ಸಂದಿಯಿಂದ ಕೇಬಲ್ ಎಳೆದೆವು. ಬೆಳಿಗ್ಗೆ ಬಂದರೆ ಸೆಕ್ಯುರಿಟಿಯವನು ‘ಯಾವುದೋ ವೈರು ಬಿದ್ದಿತ್ತು ಸಾರ್’ ಎಂದು ಜಿಲೇಬಿಯಂತೆ ಚೊಕ್ಕವಾಗಿ ಸುತ್ತಿಟ್ಟಿದ್ದ. ಮತ್ತೆ ಎಳೆದೆವು. ಹೆಡ್‌ಫೋನ್ ಹಾಕಿಕೊಂಡ ರಾಯರ ಮುಖ ಸಣ್ಣದಾಯಿತು. “ಏನಯ್ಯಾ, ಏಳು ಮೆಗಾಹರ್ಟ್ಸ್‌ನಲ್ಲಿ ಬರೀ ಭೋರ್ ಅಂತಿದೆ!” ಎದುರಿಗೆ ಇಪ್ಪತ್ತಡಿಯ ಎಲ್‌ಇಡಿ ಪರದೆ ಎದ್ದಿತ್ತು. ಅದರ ಬೆನ್ನಿಗೆ ಸಾಲಾಗಿ ಕೂತ ಸ್ವಿಚಿಂಗ್ ಪವರ್ ಸಪ್ಲೈಗಳು ಒಂದೊಂದೂ ಲೈಸೆನ್ಸಿಲ್ಲದ ಪ್ರಸಾರ ಕೇಂದ್ರ. ಪರದೆಯ ಮೇಲೆ ಓಡುತ್ತಿದ್ದ ಸಾಲು: ‘ಸಂಪರ್ಕವೇ ಸಂಪತ್ತು’.

ಜನ ಬಂದರು. ಹೆಚ್ಚಿನವರು ಶೌಚಾಲಯ ಎಲ್ಲಿದೆ ಎಂದು ಕೇಳಲು. ಅದು ನಮ್ಮ ಹಿಂದೆಯೇ ಇತ್ತು. ಹವ್ಯಾಸಿಗಳಿಗೆ ಎಲ್ಲ ಮೇಳದಲ್ಲೂ ಮೀಸಲಾದ ವಿಳಾಸ ಅದು. ಮಕ್ಕಳು ಪೆನ್ನು ಕೇಳಿದರು. ಮೂರು ಭಾನುವಾರ ಕೂತು ಥರ್ಮಾಕೋಲಿನಲ್ಲಿ ಹ್ಯಾಮ್‌ಸ್ಯಾಟ್ ಉಪಗ್ರಹದ ಮಾದರಿ ಮಾಡಿದ್ದೆವು. 2005ರ ಮೇ 5ರಂದು ಇಸ್ರೋ ಹಾರಿಸಿದ್ದು; 42.5 ಕೆಜಿ ತೂಕ, ಎರಡು ವರ್ಷ ಬಾಳೀತು ಎಂದುಕೊಂಡಿದ್ದು 2014ರವರೆಗೆ ದುಡಿಯಿತು. ಕೊರಳಲ್ಲಿ ಮೂರು ಪಾಸು ನೇತುಹಾಕಿಕೊಂಡಿದ್ದವರೊಬ್ಬರು ಅದರ ಮೇಲೆ ಕಾಫಿ ಲೋಟ ಇಟ್ಟು, “ಸೋಲಾರ್ ಹೀಟರ್ರಾ?” ಅಂದರು. 2004ರ ಸುನಾಮಿಯಲ್ಲಿ ಅಂಡಮಾನಿನ ಫೋನುಗಳು ಸತ್ತಾಗ ಪೋರ್ಟ್‌ಬ್ಲೇರಿನಿಂದ ಸುದ್ದಿ ದಾಟಿಸಿದ್ದು ಹ್ಯಾಮ್‌ಗಳು ಎಂದು ರಾಯರು ಕಣ್ಣರಳಿಸಿ ಹೇಳಿದರು. “ಓಹ್, ಇದರ ಆ್ಯಪ್ ಇದೆಯಾ?” ಅಂದರು ಅವರು. ಅಷ್ಟರಲ್ಲಿ ಹಾಲಿನಲ್ಲಿ ಮೊಬೈಲ್ ನೆಟ್‌ವರ್ಕ್ ಕೈಕೊಟ್ಟು, ಕಾಫಿಯ ದುಡ್ಡು ಹೋಗದೆ ಅವರೇ ಕೌಂಟರಿನ ಮುಂದೆ ಫೋನು ಮೇಲೆತ್ತಿ ನಿಂತರು, ಆರತಿ ಬೆಳಗುವವರಂತೆ. ನಮ್ಮ ಸೆಟ್ಟು ಸರಿಯಾಗೇ ಇತ್ತು. ಮಾತಾಡಲು ಆ ಕಡೆ ಯಾರೂ ಇರಲಿಲ್ಲ. ಊರಲ್ಲಿದ್ದ ನಮ್ಮ ಹ್ಯಾಮ್‌ಗಳೆಲ್ಲ ಇದೇ ಸ್ಟಾಲಿನಲ್ಲಿ, ಎರಡು ಕುರ್ಚಿಗೆ ಸರದಿ ಕಾಯುತ್ತಿದ್ದರು.

ಕಡೇ ದಿನ ಫಲಕ ಫಲ ಕೊಟ್ಟಿತು. ಮೊದಲ ದಿನ ಬಂದು ಹೋಗಿದ್ದ ವೃದ್ಧರೊಬ್ಬರು ಕೈಚೀಲದಿಂದ ಹಳೇ ಟ್ರಾನ್ಸಿಸ್ಟರ್ ತೆಗೆದು ಮೇಜಿನ ಮೇಲಿಟ್ಟರು. “ಹ್ಯಾಪಿ ರೇಡಿಯೋಸ್ ಅಂದ್ರೆ ರಿಪೇರಿ ಅಂಗಡಿ ತಾನೇ?” ರಾಯರು ಹಿಂಬದಿ ಬಿಚ್ಚಿದರು. ಸ್ಪೀಕರಿನ ತಂತಿ ಬಿಟ್ಟಿತ್ತು, ಅಷ್ಟೆ. ಸಾಲ್ಡರಿಂಗ್ ಐರನ್ ಹೊರಬಂದದ್ದೇ ತಡ, ನೀಲಿ ಕೋಟಿನ ಹುಡುಗ ಓಡಿಬಂದ. “ಸರ್, ಅದು ಹಾಟ್ ವರ್ಕ್. ಫಾರಂ ಒಂಬತ್ತು. ಏಳು ದಿನ ಮುಂಚೆ ಕೊಡಬೇಕು.”

ಪಾರ್ಕಿಂಗಿಗೆ ಹೋದೆವು. ರಾಯರು ಕಾರಿನ ಬಾನೆಟ್ ಎತ್ತಿ ಬ್ಯಾಟರಿಯಿಂದಲೇ ಹನ್ನೆರಡು ವೋಲ್ಟಿನ ಐರನ್ ಕಾಯಿಸಿ, ಎರಡು ಚುಕ್ಕೆ ಸೀಸ ಬಿಟ್ಟರು. ರಾಳದ ಸಣ್ಣ ಹೊಗೆ. ಮುಳ್ಳು ತಿರುಗಿಸಿದರೆ 612 ಕಿಲೋಹರ್ಟ್ಸ್‌ನಲ್ಲಿ ಆಕಾಶವಾಣಿ, ಗಂಟಲು ಸರಿಮಾಡಿಕೊಂಡು ಮಾತಾಡತೊಡಗಿತು. ಡ್ರೈವರುಗಳು, ಸೈಕಲ್ ಟೀಯವನು, ಚಿಪ್ಸ್ ತಿನ್ನುತ್ತಿದ್ದ ಎಂಜಿನಿಯರಿಂಗ್ ಹುಡುಗರು ಸುತ್ತ ಸೇರಿದರು. ಒಬ್ಬ ಹುಡುಗ, “ಸಾರ್, ಆ ಐರನ್ ನಾನೊಮ್ಮೆ ಹಿಡಿಯಲಾ?” ಅಂದ. ಮೂರು ದಿನದಲ್ಲಿ ಅಷ್ಟು ಜನ ನಮ್ಮ ಹತ್ತಿರ ನಿಂತಿರಲಿಲ್ಲ.

ನೀಲಿ ಕೋಟಿನವನೂ ಬಂದ. ಟೀ ಕುಡಿಯಲು ಬಂದವನು, ಗುಂಪು ನೋಡಿ ಜೇಬಿನಿಂದ ಪುಸ್ತಕ ತೆಗೆದ.

“ಸರ್, ಹೊರಾಂಗಣ ಪ್ರದರ್ಶನಕ್ಕೆ ಬೇರೆ ಫಾರಂ ಇದೆ.”